ಬಿಟ್ಟದ್ದನ್ನು ಮತ್ತೆ ಹಿಡಿಯದ ಮಾವನವರು

ನಮ್ಮ ಮಾವನವರಷ್ಟು ಸುಲಭಕ್ಕೆ ಸಾಕಬಹುದಾದ ಮನುಷ್ಯ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಅವರಿಗೆ ಏನೂ ಬೇಡ! ಏನೂ ಬೇಡದವರಿಗೆ ಅಡುಗೆ ಮಾಡಿ ಮಾಡಿ ನಾನು ಹಣ್ಣಾಗಿದ್ದೇನೆ, ಅಷ್ಟೆ.

ಅವರಿಗೆ ಹಾರ್ಟ್ ಅಟ್ಯಾಕ್ ಆದದ್ದು ನಮ್ಮೂರಿಗೆ ಮೊಬೈಲ್ ಹೊಸದಾಗಿ ಬಂದ ವರ್ಷ. ಅಲ್ಲಿಯವರೆಗೆ ಏಕಾದಶಿ ಯಾವತ್ತು ಎಂದು ಪಂಚಾಂಗ ನೋಡಿದವರಲ್ಲ. ಆಸ್ಪತ್ರೆಯಿಂದ ಬಂದವರೇ ಚಾತುರ್ಮಾಸ್ಯದ ವ್ರತ ಹಿಡಿದರು. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಉಳಿದವರು ತಿಂಗಳು ಮುಗಿದ ಮರುದಿನವೇ ಬಿಟ್ಟದ್ದನ್ನು ಎರಡು ಪಾಲು ಬಡಿಸಿಕೊಳ್ಳುತ್ತಾರೆ. ಇವರು ಬಿಟ್ಟದ್ದನ್ನು ಬಿಟ್ಟೇಬಿಟ್ಟರು! ಕಾರ್ತಿಕ ಬರುವಷ್ಟರಲ್ಲಿ ತಟ್ಟೆಯಲ್ಲಿ ಉಳಿದದ್ದು ಬರೀ ಗಂಜಿ. ಅದಕ್ಕೆ ಉಪ್ಪು? ಡಾಕ್ಟರ್ ಕಮ್ಮಿ ಮಾಡಿ ಎಂದದ್ದೇ ತಡ, ಅದನ್ನು ಪೂರಾ ಬಿಟ್ಟಿದ್ದರು.

"ಮಾವ, ವ್ರತ ಮುಗೀತಲ್ಲ. ಒಂದು ಸೌಟು ತೊವ್ವೆ ಹಾಕ್ಲಾ?"

"ಬೇಡ ಮಾರಾಯ್ತಿ. ಬಿಟ್ಟಿದ್ದನ್ನ ಮತ್ತೆ ಎಂತಕ್ಕೆ ಹಿಡಿಯೂದು?"

ಶೃಂಗೇರಿಯಲ್ಲಿರುವ ನಾದಿನಿ ದಿನಾ ಫೋನ್ ಮಾಡಿ, "ಅತ್ತಿಗೆ, ಅಪ್ಪಂಗೆ ಊಟ ಹಾಕ್ತೀರೋ ಇಲ್ವೋ?" ಎಂದು ಕೇಳುತ್ತಿದ್ದಳು. ಹೇಳಿ, ನಾನು ಏನೆಂದು ಉತ್ತರ ಕೊಡಲಿ?

ಮಾವನವರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ಅರ್ಧ ಕೊಪ್ಪಕ್ಕೆ ಬಸ್ಕಿ ಹೊಡೆಸಿದ್ದಾರೆ. ನಮ್ಮ ಡಾಕ್ಟರೂ ಆ ಅರ್ಧಕ್ಕೆ ಸೇರಿದವರೇ. ತಪಾಸಣೆಗೆ ಕರೆದುಕೊಂಡು ಹೋದಾಗ, ಕೈ ಊರದೆ ಕುರ್ಚಿಯಿಂದ ಏಳಿ ನೋಡೋಣ ಎಂದರು. ಮಾವನವರು ತಮಗೆ ತಾವೇ "ಸಾವಧಾನ್!" ಎಂದು ಆರ್ಡರ್ ಕೊಟ್ಟುಕೊಂಡರು. ಕಾಲು ಆರ್ಡರ್ ಕೇಳಲಿಲ್ಲ.

"ಎಣ್ಣೆ, ಉಪ್ಪು ಕಮ್ಮಿ ಮಾಡಿ ಅಂದೆ ಸಾರ್, ಊಟ ಬಿಡಿ ಅಂದ್ನಾ?" ಡಾಕ್ಟರ್ ತೊಡೆ ಒತ್ತಿ ನೋಡಿದರು. "ಮಾಂಸಖಂಡ ಎಲ್ಲ ಕರಗ್ತಾ ಇದೆ. ಹಾರ್ಟ್ ತೊಂದ್ರೆ ಇದ್ದೋರಿಗೆ ಈ ವಯಸ್ಸಲ್ಲಿ ಪ್ರೋಟೀನ್ ಬೇಕೇ ಬೇಕು. ಬೇಳೆ, ಕಾಳು, ಮೊಸರು ತಗೊಳ್ಳಿ. ಇಲ್ದಿದ್ರೆ ಹಾಸಿಗೆ ಹಿಡೀತೀರಿ. ದಿನಾ ಹತ್ತು ಸಲ ಕುರ್ಚಿಯಿಂದ ಎದ್ದು ಕೂತ್ಕೊಳ್ಳಿ."

ಹೊರಗೆ ಬಂದ ಮೇಲೆ ಮಾವನವರು, "ಇಷ್ಟು ವರ್ಷ ಕಾದು ಬಸ್ಕಿ ತೀರಿಸ್ಕೊಂಡ ನೋಡು!" ಎಂದರು.

ಅವತ್ತಿನಿಂದ ನಾನು ಕಳ್ಳಿಯಾದೆ. ಹೆಸರುಬೇಳೆ ಬೇಯಿಸಿ, ನುಣ್ಣಗೆ ಅರೆದು, ಗಂಜಿಯಲ್ಲಿ ಕದಡಿ ಇಡತೊಡಗಿದೆ. ಜಗುಲಿಗೆ ಹೋದ ಬಟ್ಟಲು ದಿನಾ ಖಾಲಿಯಾಗಿ ಬರುತ್ತಿತ್ತು. ಗೆದ್ದೆ ಎಂದುಕೊಂಡೆ. ತಿಂಗಳು ಕಳೆದು ನೋಡಿದರೆ ಮಾವನವರು ಹಾಗೇ ಕಡ್ಡಿ, ಪಕ್ಕದ ಮನೆಯ ನಾಯಿ ದಷ್ಟಪುಷ್ಟ! ಅದರ ಯಜಮಾನರು ಬಂದು, "ನಿಮ್ಮನೇಲಿ ಎಂತ ಹಾಕ್ತೀರಿ ಮಾರಾಯ್ರೇ, ನಮ್ಮನೆ ಅನ್ನ ಮೂಸೂದೂ ಇಲ್ಲ" ಎಂದು ದೂರಿ ಹೋದರು.

ನಗುವುದಕ್ಕೂ ತ್ರಾಣವಿರಲಿಲ್ಲ ನನಗೆ.

ಆಮೇಲೊಂದು ಬೆಳಿಗ್ಗೆ ಪೇಪರ್ ತರಲು ಹೊರಟ ಮಾವನವರು ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಏಳಲಾಗಲಿಲ್ಲ. ಕೈ ಕೊಟ್ಟರೆ ತಳ್ಳಿದರು. ನನಗೆ ಸಾಕಾಗಿ ಹೋಗಿತ್ತು. ಪಕ್ಕದಲ್ಲೇ ಕುಸಿದು ಕೂತೆ.

"ಯಾರ ಮೇಲೆ ಸಿಟ್ಟು ಮಾವ ಇದು? ನಾನೆಂತ ತಪ್ಪು ಮಾಡಿದೆ?"

"ಸಿಟ್ಟಲ್ಲ ಮಾರಾಯ್ತಿ. ಅವತ್ತು ಎದೆನೋವು ಬಂದಾಗ ನೀನೂ ನಿನ್ನ ಗಂಡನೂ ನನ್ನ ಎತ್ತಿ ಈ ಮೆಟ್ಟಿಲು ಇಳಿಸಿದ್ರಲ್ಲ, ಜೀಪಿಗೆ? 'ದೇವ್ರೇ, ಎಂಥ ಭಾರ' ಅಂದೆ ನೀನು. ನಿಂಗೆ ಸೊಂಟನೋವು ಶುರುವಾಗಿದ್ದೂ ಅವತ್ತಿಂದ್ಲೇ. ಇನ್ನೊಂದ್ಸಲ ಎತ್ತೂದು ಬಂದೇ ಬರ್ತದೆ. ಹಗುರ ಇರ್ಲಿ ಅಂತ."

ಆ ಮಾತು ಆಡಿದ್ದು ನನಗೆ ನೆನಪೇ ಇರಲಿಲ್ಲ. ಅವರು ಅದನ್ನು ಎದೆನೋವಿನ ಜೊತೆಗೇ ಹೊತ್ತುಕೊಂಡು ಹೋಗಿದ್ದರು.

ಕಂಕುಳಿಗೆ ಕೈ ಹಾಕಿ ಎತ್ತಿದೆ. ಈ ಸಲ ತಳ್ಳಲಿಲ್ಲ. ನನ್ನ ಸೊಂಟಕ್ಕೆ ಗೊತ್ತೇ ಆಗಲಿಲ್ಲ. ಆಗ ಹೆದರಿಕೆಯಾಯಿತು, ಅಳು ತಡೆಯಲಾಗಲಿಲ್ಲ.

"ಭಾರ ಇದ್ರೆ ಎತ್ತಕ್ಕೆ ಇನ್ನೊಬ್ರನ್ನ ಕರೀಬಹುದು ಮಾವ. ಹೀಗೇ ಕರಗಿ ಹೋದ್ರೆ ನಾನು ಯಾರನ್ನ ಕರೀಲಿ?"

ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ತಟ್ಟೆಯನ್ನು ಮೆಲ್ಲಗೆ ಮೊಸರಿನ ಪಾತ್ರೆಯ ಕಡೆಗೆ ಸರಿಸಿದರು.