ಬ್ರೇಕ್ ಆಯಿಲ್‌ನಲ್ಲಿ ನೆನೆದ ವಿಮಾನ

ಎಪ್ಪತ್ತರ ದಶಕದ ಚಿತ್ರದುರ್ಗದಲ್ಲಿ ಸ್ವಂತ ವಿಮಾನ ಇಟ್ಟುಕೊಂಡಿದ್ದವರು ಯಾರು ಎಂದು ಕೇಳಿದರೆ ನಾನು ಎದೆಯುಬ್ಬಿಸಿ ಹೇಳುತ್ತೇನೆ: ನಮ್ಮ ಸೋದರಮಾವ! ನಂಬುವುದಿಲ್ಲವೇ? ವಿಮಾನದ ಉದ್ದ ಒಂದು ಗೇಣು ಎಂದರೆ ನಂಬುತ್ತೀರಿ. ಆದರೆ ಆಗ ನನ್ನ ಎದೆ ಉಬ್ಬುವುದಿಲ್ಲ.

ಮಾವ ಹೊಲಿಗೆ ಯಂತ್ರದ ಏಜೆಂಟರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಬಸ್ಸಿನಲ್ಲಿ ಸುತ್ತುವುದು ಅವರ ಕೆಲಸ. ನನಗೆ ದುರ್ಗದಲ್ಲಿ ನೌಕರಿ ಸಿಕ್ಕಿದ್ದರಿಂದ ಅವರ ಮನೆಯಲ್ಲೇ ಇದ್ದೆ. ಬೊಂಬಾಯಿಯಿಂದ ಬಂದ ಗೆಳೆಯರೊಬ್ಬರು ಮಾವನಿಗೆ ಒಂದು ಡಬ್ಬ ಕೊಟ್ಟು ಹೋದರು. ಒಳಗಿದ್ದದ್ದು ವಿಮಾನವೇ, ಆದರೆ ಬಿಡಿಬಿಡಿಯಾಗಿ. ರೆಕ್ಕೆ, ಬಾಲ, ಗಾಲಿ ಎಲ್ಲವೂ ಒಂದು ಪ್ಲಾಸ್ಟಿಕ್ ಕಡ್ಡಿಯ ಚೌಕಟ್ಟಿಗೆ ಹುಣಸೆಕಾಯಿಯಂತೆ ನೇತುಬಿದ್ದಿದ್ದವು. ಜೊತೆಗೆ ಬೆರಳುದ್ದದ ಟ್ಯೂಬಿನಲ್ಲಿ ಅಂಟು.

ಮಾವ ರೆಕ್ಕೆಗಳನ್ನು ಬರಿದೇ ಸಿಕ್ಕಿಸಿ ನಿಲ್ಲಿಸಿದರು. ಅಂಟಿಸಲಿಲ್ಲ. ಯಾಕೆ ಎಂದು ಕೇಳಿದೆ.

"ಮೊದ್ಲು ಬಣ್ಣ ಸರಿಯಾಗ್ಲಿ ಕಣಪ್ಪ. ನಿಮ್ಮತ್ತೆ ಒಂದ್ಸಲ ಕೈಯಾಗೆ ತಗೊಂಡು, ಚೆಂದ ಐತೆ ಅನ್ಲಿ. ಅಂಟು ಅವತ್ತು."

ನೋಡಿ, ಇಡೀ ಪ್ರಕರಣದ ಹಣೆಬರಹ ಈ ಒಂದು ಮಾತಿನಲ್ಲಿತ್ತು. ನನಗೆ ಅವತ್ತು ಗೊತ್ತಾಗಲಿಲ್ಲ. ಈಗ ಗೊತ್ತಾಗುತ್ತಿದೆ ಎಂಬುದರ ಮೇಲೂ ನನಗೆ ಅಷ್ಟು ಭರವಸೆಯಿಲ್ಲ.

ಮೊದಲ ಬಣ್ಣ ಕಿಟಕಿಗೆ ಬಳಿದು ಮಿಕ್ಕಿದ್ದ ಹಸಿರು. ಕಿಟಕಿಗೆ ಬಳಿದಷ್ಟೇ ದಪ್ಪಗೆ ಬಳಿದರು. ಅಡುಗೆಮನೆ ಬಾಗಿಲಲ್ಲಿ ನಿಂತು, "ಹೆಂಗೈತೆ ನೋಡೇ," ಎಂದರು. ಅತ್ತೆ ಒಲೆಯ ಮುಂದಿನಿಂದ ಅರೆಗಣ್ಣು ಹಾಯಿಸಿದರು.

"ಹಾಗಲಕಾಯಿಗೆ ರೆಕ್ಕೆ ಬಂದೈತೆ. ಇಡ್ರಿ ಅತ್ಲಾಗೆ, ರೊಟ್ಟಿ ಸೀದೋಗ್ತೈತೆ."

ಅಂದಿನಿಂದ ಮಾವನಿಗೆ ಬಣ್ಣ ಬಳಿಯುವುದಕ್ಕಿಂತ ಬಣ್ಣ ಬಿಡಿಸುವುದೇ ಜೀವನದ ಗುರಿಯಾಯಿತು. ಇರುವುದು ಒಂದೇ ವಿಮಾನ. ಬೊಂಬಾಯಿ ಗೆಳೆಯರು ಮತ್ತೆ ಬರುವ ಸೂಚನೆಯಿರಲಿಲ್ಲ. ಬಣ್ಣ ಹೋಗಬೇಕು, ಪ್ಲಾಸ್ಟಿಕ್ ಉಳಿಯಬೇಕು. ಪರೀಕ್ಷೆ ಮಾಡದೆ ವಿಮಾನಕ್ಕೆ ಏನನ್ನೂ ತಗುಲಿಸುವುದಿಲ್ಲ ಎಂದು ಮಾವ ಶಪಥ ಮಾಡಿದರು. ಎಂಥ ಜವಾಬ್ದಾರಿಯ ಮನುಷ್ಯ! ಪರೀಕ್ಷೆ ಮಾಡಿದ್ದೆಲ್ಲ ಅತ್ತೆಯ ಸಾಮಾನಿನ ಮೇಲೆ.

ಸೀಮೆಎಣ್ಣೆ ಸೋಪಿನ ಡಬ್ಬಿಗೆ ವಾಸನೆ ಹತ್ತಿಸಿತೇ ಹೊರತು ಏನೂ ಮಾಡಲಿಲ್ಲ. ಥಿನ್ನರ್ ಬಹಳ ಮಾಡಿತು. ಅದರಲ್ಲಿ ಅದ್ದಿದ ಬಾಚಣಿಗೆಯ ಹಲ್ಲುಗಳು ಮೆತ್ತಗಾಗಿ, ಒಂದನ್ನೊಂದು ತಬ್ಬಿಕೊಂಡು ಒಂದೇ ಹಲ್ಲಾದವು. ಅತ್ತೆ ಆ ಬಾಚಣಿಗೆಯನ್ನು ಎತ್ತಿ ಹಿಡಿದರು.

"ಆ ವಿಮಾನದ ಜತೆ ಬಂದ ಕಡ್ಡಿ ಚೂರು ಡಬ್ಬದಾಗೇ ಬಿದ್ದಾವಲ್ಲ, ಅದೂ ಅದೇ ಪ್ಲಾಸ್ಟಿಕ್ ಅಲ್ವೇನ್ರಿ? ಅದ್ನ ಅದ್ದಿ ನೋಡಾಕೆ ಏನ್ ರೋಗ?"

ಮಾವ ಡಬ್ಬದಿಂದ ಒಂದು ಕಡ್ಡಿ ಚೂರು ಎತ್ತಿ ತಿರುಗಿಸಿ ನೋಡಿದರು. ಆಮೇಲೆ, "ಅದ್ನೇ ಮಾಡೋನಿದ್ದೆ," ಎಂದರು.

ಬಿಡುಗಡೆ ಸಿಕ್ಕಿದ್ದು ಹಿರಿಯೂರಿನಲ್ಲಿ. ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಕ್ಲೀನರ್ ಒಬ್ಬ ಲಾರಿಯ ಮಡ್‌ಗಾರ್ಡಿನ ಮೇಲೆ ಬ್ರೇಕ್ ಆಯಿಲ್ ಚೆಲ್ಲಿ, ಹೊಸ ಬಣ್ಣ ಸುಕ್ಕುಗಟ್ಟಿ ಎದ್ದುಬಂದಿತ್ತು. ಕ್ಲೀನರನಿಗೆ ಬೈಗುಳ, ಮಾವನಿಗೆ ಜ್ಞಾನೋದಯ!

"ಸ್ವಲ್ಪ ಬ್ರೇಕ್ ಆಯಿಲ್ ಕೊಡ್ರಿ," ಎಂದರು ಮೇಸ್ತ್ರಿಗೆ.

"ಯಾವ ಗಾಡಿಗ್ರಿ?"

"ವಿಮಾನಕ್ಕೆ."

ಮೇಸ್ತ್ರಿ ಎಂಜಿನ್ನಿನೊಳಗಿಂದ ತಲೆ ಎತ್ತಲಿಲ್ಲವಂತೆ. "ಯಾಕ್ರಿ, ಇಳಿಯೋವಾಗ ಬ್ರೇಕ್ ಹಿಡೀತಿಲ್ವಾ?"

ಈ ಮಾತನ್ನು ಮೇಸ್ತ್ರಿ ಆಡಿದನೋ, ಹಿರಿಯೂರಿನಿಂದ ದುರ್ಗದ ತನಕ ಬಸ್ಸಿನಲ್ಲಿ ಕೂತು ಮಾವ ಕಟ್ಟಿದರೋ, ಅಥವಾ ಇಷ್ಟು ವರ್ಷದಲ್ಲಿ ನಾನೇ ಸೇರಿಸಿದೆನೋ ತಿಳಿಯದು. ನನ್ನ ನೆನಪಿನ ಮೇಲೂ ಪದರ ಪದರವಾಗಿ ಬಣ್ಣ ಕೂತಿದೆ. ಅದನ್ನು ಬಿಡಿಸುವ ಎಣ್ಣೆ ಯಾವ ಗ್ಯಾರೇಜಿನಲ್ಲೂ ಸಿಗುವುದಿಲ್ಲ.

ಈ ಸಲ ಕಡ್ಡಿ ಚೂರಿಗೆ ಹಸಿರು ಬಳಿದು ಪರೀಕ್ಷೆಯಾಯಿತು. ಬಣ್ಣ ಎದ್ದಿತು, ಕಡ್ಡಿ ಬದುಕಿತು! ಮಾವ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲಗಳನ್ನು ಕೈಗೆ ಕಟ್ಟಿಕೊಂಡು, ವಿಮಾನವನ್ನು ಬಿಡಿಸಿ, ಅತ್ತೆಯ ಉಪ್ಪಿನಕಾಯಿ ಭರಣಿಯಲ್ಲಿ ನೆನೆಹಾಕಿದರು. ಮೇಲೆ 'ವಿಷ' ಎಂದು ಚೀಟಿ ಅಂಟಿಸಿ ಬಚ್ಚಲ ಕಿಟಕಿಯಲ್ಲಿಟ್ಟರು. ಬಾಗೂರಿನಿಂದ ಬಂದಿದ್ದ ಅತ್ತೆಯ ಅಣ್ಣ ಮುಖ ತೊಳೆಯಲು ಹೋದವರು ಅಲ್ಲಿಂದಲೇ ಕೂಗಿದರು.

"ಏನವ್ವ, ಇದ್ಯಾವ ಉಪ್ಪಿನಕಾಯಿ?"

"ನಿನ್ ಭಾವಂದು ಕಣಣ್ಣ. ಊಟಕ್ಕೆ ಒಂದು ರೆಕ್ಕೆ ಹಾಕ್ಲಾ?"

ನೆಂದ ಭಾಗಗಳನ್ನು ಮಾವ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಅಂಟುವಾಳದ ನೀರಿನಲ್ಲಿ ತೊಳೆದರು. ಬ್ರಷ್ಷು ಹಳೆಯದು ಎಂದು ತೀರ್ಮಾನಿಸಿದವರು ಅವರೇ. ಅದು ನನ್ನದು.

ಮತ್ತೆ ಬಣ್ಣ, ಮತ್ತೆ ಅಡುಗೆಮನೆ ಬಾಗಿಲು, ಮತ್ತೆ "ಇಡ್ರಿ ಅತ್ಲಾಗೆ." ಮತ್ತೆ ಭರಣಿ. ಬೂದಿಬಣ್ಣ ಹೋಯಿತು, ನೀಲಿ ಹೋಯಿತು, ಬೆಳ್ಳಿಬಣ್ಣವೂ ಹೋಯಿತು. ಬೆಳ್ಳಿಬಣ್ಣದ ವಿಮಾನ ನಿಜಕ್ಕೂ ಚೆನ್ನಾಗಿತ್ತು, ನಾನು ಹಾಗೆಂದೆ. ಮಾವ ನನ್ನನ್ನು ನೋಡಿದ ರೀತಿ, ಹೊಲಿಗೆ ಯಂತ್ರ ಕೊಳ್ಳಲು ಬಂದು ಸೂಜಿಯ ಬೆಲೆ ಕೇಳಿದವನನ್ನು ನೋಡುವಂತಿತ್ತು. ಅತ್ತೆಯೋ, ಅದನ್ನು 'ಆ ಪೀಡೆ' ಎಂದೇ ಕರೆದು, ಕಸ ಗುಡಿಸುವಾಗಲೂ ಮುಟ್ಟದೆ ಸುತ್ತಿ ಹೋಗುತ್ತಿದ್ದರು.

ಆ ವರ್ಷದ ಆಯುಧಪೂಜೆಯ ದಿನ ಮಾವ ಹೊಸದುರ್ಗಕ್ಕೆ ಹೋಗಿದ್ದರು. ಬಣ್ಣ ಬಿಡಿಸಿ, ತೊಳೆದು, ಬೆಳ್ಳಗೆ ಬತ್ತಲಾಗಿ ನಿಂತ ವಿಮಾನ ಹೊಲಿಗೆ ಯಂತ್ರದ ಮೇಲೆ ಒಣಗುತ್ತಿತ್ತು. ನಾನು ಆಫೀಸಿನ ಪೂಜೆ ಮುಗಿಸಿ ಬರುವ ಹೊತ್ತಿಗೆ, ಊರಿನಿಂದ ಮರಳಿದ್ದ ಮಾವ ಅದರ ಮುಂದೆ ಕಂಬದಂತೆ ನಿಂತಿದ್ದರು. ಯಂತ್ರಕ್ಕೆ ಅರಿಶಿನ ಕುಂಕುಮ. ಕತ್ತರಿಗೆ, ಸೈಕಲ್ಲಿಗೆ ಅರಿಶಿನ ಕುಂಕುಮ. ವಿಮಾನದ ರೆಕ್ಕೆಗೂ!

"ಯಾರೇ ಇಟ್ಟಿದ್ದು?"

"ನಾನೇ. ಅದೂ ಒಂದು ಗಾಡಿ ಅಲ್ವಾ? ಹಬ್ಬದ ದಿನ ಅದೊಂದನ್ನ ಯಾಕೆ ಬಿಡ್ಲಿ?"

"ಕೈಯಾಗೆ ತಗೊಂಡಿದ್ದಾ?"

"ತಗೊಳ್ದೆ ಹೆಂಗ್ರಿ ಇಡೋದು?"

ಕುಂಕುಮ ಒರೆಸಿದರೆ ಹೋಯಿತು. ಹಸಿ ಅರಿಶಿನ ಹೋಗಲಿಲ್ಲ. ಬರಿಯ ಪ್ಲಾಸ್ಟಿಕ್ಕು ಅದನ್ನು ಕುಡಿದುಬಿಟ್ಟಿತ್ತು. ರೆಕ್ಕೆಯ ಮೇಲೆ ಅತ್ತೆಯ ಬೆರಳಿನ ಹಳದಿ ಗುರುತು. ಅತ್ತೆಯ ಮುಖ ಸಣ್ಣದಾಯಿತು.

"ಅಯ್ಯೋ, ಕೆಡಿಸಿಬಿಟ್ನೇನ್ರಿ? ಕೊಡ್ರಿ, ಬಿಸಿಲಿಗಿಡ್ತೀನಿ. ಸೀರೆ ಮ್ಯಾಲಿನ ಅರಿಶಿನ ಬಿಸಿಲಿಗೇ ಹೋಗೋದು."

"ಬ್ಯಾಡ," ಎಂದರು ಮಾವ.

ಅವತ್ತೇ ಅಂಟಿನ ಟ್ಯೂಬು ತೆಗೆದರು. ಕಾದು ಕಾದು ಅದು ಕಲ್ಲಾಗಿತ್ತು. ಆಗ, ಬಾಚಣಿಗೆಯ ಹಲ್ಲುಗಳನ್ನು ಒಂದು ಮಾಡಿದ ಅದೇ ಥಿನ್ನರನ್ನು ತೊಟ್ಟು ತೊಟ್ಟಾಗಿ ಬಿಟ್ಟು ರೆಕ್ಕೆಗಳನ್ನು ಕೂಡಿಸಿದರು. ಮತ್ತೆ ಬಣ್ಣ ಬಳಿಯಲಿಲ್ಲ. ಭರಣಿ ತೊಳೆದು ಹಿತ್ತಲಲ್ಲಿ ಬೋರಲು ಹಾಕಿದರು. ವಿಮಾನ ನಡುಮನೆಯ ಗೂಡಿನಲ್ಲಿ ನೆಲೆನಿಂತಿತು.

ಅರಿಶಿನ ಹತ್ತಿದ್ದು ಎಡ ರೆಕ್ಕೆಯೋ ಬಲ ರೆಕ್ಕೆಯೋ ನನಗೆ ನೆನಪಿಲ್ಲ. ಒಂದು ಮಧ್ಯಾಹ್ನ ಮಾತ್ರ ನೆನಪಿನಲ್ಲಿದೆ. ಬೇಸಿಗೆ, ಕೋಟೆಯ ಬಂಡೆಗಳ ಕಾವೆಲ್ಲ ಮನೆಯೊಳಕ್ಕೆ ನುಗ್ಗುತ್ತಿತ್ತು. ಕಿಟಕಿಯಿಂದ ಬಿದ್ದ ಬಿಸಿಲು ನೆಲದ ಮೇಲೆ ತೆವಳಿ, ಗೋಡೆ ಹತ್ತಿ, ಗೂಡಿನ ಹತ್ತಿರ ಬರುತ್ತಿದ್ದಂತೆ ಮಾವ ಎದ್ದು ಕಿಟಕಿಯ ಒಂದು ಬಾಗಿಲು ಮುಚ್ಚಿದರು.

"ಈ ಸೆಕೆಗೆ ಕಿಟಕಿ ಯಾಕ್ರಿ ಮುಚ್ತೀರಿ?" ಎಂದರು ಅತ್ತೆ.

"ಬಿಸಿಲು ಕಣೇ."

ಅತ್ತೆ ಒಮ್ಮೆ ಗೂಡಿನ ಕಡೆ ನೋಡಿದರು. ಬೀಸಣಿಗೆ ಕೆಳಗಿಟ್ಟು ಎದ್ದು ಹೋಗಿ, ಇನ್ನೊಂದು ಬಾಗಿಲನ್ನೂ ಮುಚ್ಚಿ ಬಂದು ಕೂತರು.