ಬೈಂಡಿಂಗ್‌ಗೆ ಹೋಗಿದೆ

ತಿಗಣೆಯ ಬಗೆಗಿನ ಒಂದು ಪುಸ್ತಕ ಬೇಕೆಂದು ಬೆಳಿಗ್ಗೆ ಬೆಳಿಗ್ಗೆಯೇ ಕಂಪ್ಯೂಟರು ಕೇಳಿತು. ಇಷ್ಟೆಲ್ಲ ಆಗಿದ್ದು ಅದರಿಂದ.

ಕಂಪ್ಯೂಟರು ತಾನಾಗಿ ಕೇಳಿದ್ದಲ್ಲ ಬಿಡಿ. ಆ ದಿನದಿಂದ ಸುತ್ತಲಿನ ಹನ್ನೆರಡು ಲೈಬ್ರರಿಗಳ ಪುಸ್ತಕಪಟ್ಟಿ ಒಂದೇ ಆಗಿತ್ತು. ಅಲ್ಲಿಯವರೆಗೆ ಪ್ರತಿಯೊಂದು ಲೈಬ್ರರಿಯೂ ತನ್ನದೇ ಕಂಪ್ಯೂಟರು, ತನ್ನದೇ ಪಟ್ಟಿ, ಅದು ಕೆಟ್ಟಾಗ ಫೋನೆತ್ತದ ತನ್ನದೇ ರಿಪೇರಿಯವನು ಎಂದು ಬೇರೆ ಬೇರೆ ಒಲೆ ಹೂಡಿಕೊಂಡಿತ್ತು. ಈಗ ಎಲ್ಲರ ಪಟ್ಟಿಯೂ ಕ್ಲೌಡ್‌ನಲ್ಲಿ. ಯಾವ ಊರಿನ ಓದುಗ ಯಾವ ಊರಿನ ಪುಸ್ತಕ ಬೇಕೆಂದರೂ ಒಂದು ಬಟನ್ ಒತ್ತಿದರೆ ಸಾಕು. ಹನ್ನೆರಡೂ ಲೈಬ್ರರಿಗಳಿಗೆ ಸೇರಿದ ಒಂದೇ ವ್ಯಾನು ಬಂದು ಪುಸ್ತಕವನ್ನು ಹತ್ತಿಸಿಕೊಂಡು ಅವನಿಗೆ ಮುಟ್ಟಿಸುತ್ತದೆ. ಬಹಳ ಒಳ್ಳೆಯ ಏರ್ಪಾಡು. ತೊಂದರೆ ಒಂದೇ: ಪಟ್ಟಿಯಲ್ಲಿರುವ ಪುಸ್ತಕ ಕಪಾಟಿನಲ್ಲೂ ಇರಬೇಕು.

ನಮ್ಮ ಗ್ರಂಥಪಾಲಕರಿಗೆ ನೋವಾಗುತ್ತಿದ್ದದ್ದು ಅಲ್ಲೇ. ಮನುಷ್ಯ ಕೆಟ್ಟವರಲ್ಲ. ಯಾರಿಗೂ ಇಲ್ಲ ಎಂದವರಲ್ಲ. ಕೇಳಿದ ಪುಸ್ತಕ ಕುಳಿತ ಕುರ್ಚಿಯಿಂದ ಕಾಣಿಸದಿದ್ದರೆ, "ಬೈಂಡಿಂಗ್‌ಗೆ ಹೋಗಿದೆ" ಎನ್ನುತ್ತಿದ್ದರು. ಎಂಥ ಮಾತು ನೋಡಿ! ಪುಸ್ತಕ ಕಳೆಯಿತೆಂಬ ದುಃಖವಿಲ್ಲ, ಹುಡುಕಬೇಕೆಂಬ ಶ್ರಮವಿಲ್ಲ, ಓದುಗನಿಗೆ ಮುಂದೊಂದು ದಿನ ಸಿಕ್ಕೀತೆಂಬ ಆಸೆಯೂ ಉಳಿಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದು ಊರಿಗೆ ಊರೇ ಅವರನ್ನು ಬೈಂಡಿಂಗ್ ಸಾರ್ ಎಂದು ಕರೆಯುತ್ತಿತ್ತು, ಅವರಿಗೆ ಕೇಳಿಸದ ಹಾಗೆ.

ಹೊಸ ಪಟ್ಟಿಗೆ ಪುಸ್ತಕಗಳನ್ನು ಏರಿಸುವಾಗ ಒಂದೊಂದು ಪುಸ್ತಕದ ಮುಂದೆಯೂ ಒಂದು ಗುರುತು ಹಾಕಬೇಕಿತ್ತು: ಕಪಾಟಿನಲ್ಲಿದೆ, ಓದುಗರ ಬಳಿ ಇದೆ, ಕಳೆದಿದೆ. ಬೈಂಡಿಂಗ್‌ಗೆ ಹೋಗಿದೆ ಎಂಬ ಗುರುತೇ ಇರಲಿಲ್ಲ. ಗ್ರಂಥಪಾಲಕರು ಮೀಟಿಂಗಿನಲ್ಲಿ ಎದ್ದು ನಿಂತು ಅದನ್ನೇ ಕೇಳಿದ್ದರು.

"ಹೋಗಿದ್ರೆ ವಾಪಸ್ ಬರಬೇಕಲ್ರೀ," ಎಂದಿದ್ದರು ಮೇಲಧಿಕಾರಿ ಮೇಡಂ. "ಇನ್ನೊಂದು ವಿಷಯ. ಎಲ್ಲಾ ಲೈಬ್ರರಿಗಳ ಹಳೇ ಪುಸ್ತಕ ಒಂದೇ ಗೋದಾಮಿಗೆ ಸೇರಿಸ್ತಾ ಇದೀವಿ. ಅಲ್ಲಿ ಕೂತು ವಿಂಗಡಿಸೋಕೆ ಒಬ್ರು ಬೇಕು. ಯಾರ ಪಟ್ಟಿಗೂ ಕಪಾಟಿಗೂ ತಾಳೆ ಆಗಲ್ವೋ ಅವರೇ ಅಲ್ಲಿಗೆ. ಮೊದಲನೇ ದಿನ ವ್ಯಾನಲ್ಲಿ ನಾನೇ ಬಂದು ನೋಡ್ತೀನಿ."

ಗೋದಾಮೆಂದರೆ ಊರಾಚೆ, ಎರಡು ಬಸ್ಸು ಬದಲಿಸಿ ಹೋಗಬೇಕಾದ ತಗಡಿನ ಶೆಡ್ಡು. ಫ್ಯಾನಿಲ್ಲ, ಕಿಟಕಿಯಿಲ್ಲ. ಇಲ್ಲಿ ನೋಡಿದರೆ ಗ್ರಂಥಪಾಲಕರ ಮನೆಗೂ ಲೈಬ್ರರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಊಟ ರೆಡಿಯಾದಾಗ ಅವರ ಹೆಂಡತಿ ಆ ಕಡೆಯಿಂದ ಗೋಡೆಗೆ ಸೌಟಿನಲ್ಲಿ ಟಕ್ ಟಕ್ ಎಂದು ಬಡಿಯುತ್ತಿದ್ದರು. ಬಿಸಿ ಬಿಸಿ ಊಟ, ಆಮೇಲೆ ಸಣ್ಣದೊಂದು ನಿದ್ದೆ, ಎದ್ದ ಮೇಲೆ ಕಿಟಕಿ ಪಕ್ಕದ ಕುರ್ಚಿ. ಈ ಸುಖವನ್ನು ಅವರು ನಿಜವಾಗಿ ಪ್ರೀತಿಸುತ್ತಿದ್ದರು. ಆದ್ದರಿಂದ ಉಸಿರು ಬಿಗಿಹಿಡಿದು ಎಲ್ಲ ಪುಸ್ತಕಗಳ ಮುಂದೆಯೂ "ಕಪಾಟಿನಲ್ಲಿದೆ" ಎಂದು ಹಾಕಿಬಿಟ್ಟಿದ್ದರು.

ಈಗ ನೋಡಿದರೆ ಪರದೆಯ ಮೇಲೆ ಕೆಂಪಕ್ಷರದ ಕೋರಿಕೆ: 'ತಿಗಣೆ ನಿವಾರಣೆ: ಸಮಗ್ರ ಮಾರ್ಗದರ್ಶಿ. ಹನ್ನೆರಡು ಲೈಬ್ರರಿಗಳಲ್ಲಿ ಇರುವ ಏಕೈಕ ಪ್ರತಿ ನಿಮ್ಮಲ್ಲಿ. ವ್ಯಾನ್ ಬರುವ ಸಮಯ: ಸಂಜೆ ನಾಲ್ಕು.' ಕೇಳಿದವರ ಹೆಸರಿರಲಿಲ್ಲ, ಬರೀ ಕಾರ್ಡ್ ನಂಬರ್.

ಗ್ರಂಥಪಾಲಕರು ಅದನ್ನು ಎರಡು ಸಲ ಓದಿದರು. ಎದ್ದು ಹೋಗಿ ಕಪಾಟು ನೋಡಿದರು. ಆ ಪುಸ್ತಕ ಇರಬೇಕಾದ ಕಡೆ ಅದೂ ಇಲ್ಲ, ಅದರ ಅಕ್ಕಪಕ್ಕದವೂ ಇಲ್ಲ. ಮುದುಕರ ಹಲ್ಲಿನ ಸಾಲಿನಂತೆ ಅಲ್ಲೊಂದು ಇಲ್ಲೊಂದು ಪುಸ್ತಕ ನಿಂತಿತ್ತು.

"ಏನು ಹುಡುಕ್ತಾ ಇದೀರಿ?" ಎಂದರು ಪೇಪರ್ ತಾತ. ಇವರು ಬಾಗಿಲು ತೆಗೆಯುವ ಮೊದಲೇ ಬಂದು, ಇದ್ದ ಪತ್ರಿಕೆಗಳನ್ನೆಲ್ಲ ತೊಡೆಯ ಕೆಳಗಿಟ್ಟುಕೊಂಡು, ಒಂದೊಂದನ್ನೇ ಎಳೆದು ಓದುವವರು. "ನಿಮ್ಮನ್ನ ಈ ಕಪಾಟಿನ ಹತ್ರ ನೋಡಿದ್ದೇ ನಾನು ಇವತ್ತು."

"ಒಂದು ಪುಸ್ತಕ ತಾತ."

"ಬೈಂಡಿಂಗ್‌ಗೆ ಹೋಗಿರಬೇಕು," ಎಂದು ತಾತ ಪುಟ ತಿರುಗಿಸಿದರು.

ಗ್ರಂಥಪಾಲಕರಿಗೆ ಆ ಕ್ಷಣದಲ್ಲಿ ಅದು ನಿಜವಿದ್ದರೂ ಇರಬಹುದು ಅನ್ನಿಸಿತು. ಸಾವಿರ ಸಲ ಹೇಳಿದ್ದರಲ್ಲಿ ಒಂದು ಸಲವಾದರೂ ಕಳಿಸಿರಲಾರೆನೇ? ಚಪ್ಪಲಿ ಮೆಟ್ಟಿ ಬೈಂಡಿಂಗ್ ಅಂಗಡಿಗೆ ಓಡಿದರು.

ಬೈಂಡರ್ ಅಂಟಿನ ಡಬ್ಬಿಯಿಂದ ತಲೆಯೆತ್ತಿ ನೋಡಿದ. ಮುಖ ಕೆಂಪಾಯಿತು.

"ಬನ್ನಿ ಸಾರ್, ಬನ್ನಿ. ನಿಮ್ಮ ದಾರೀನೇ ಕಾಯ್ತಾ ಇದ್ದೆ. ನಿಮ್ಮ ಲೈಬ್ರರಿಯಿಂದ ಇಲ್ಲಿಗೆ ಒಂದಾದ್ರೂ ಪುಸ್ತಕ ಬಂದಿದ್ಯಾ, ನೀವೇ ಹೇಳಿ?"

"ಅದನ್ನೇ ಕೇಳೋಣ ಅಂತ..."

"ಒಂದೂ ಬಂದಿಲ್ಲ! ಆದ್ರೆ ಜನ ಬರ್ತಾರೆ. ದಿನಾ ಬರ್ತಾರೆ. 'ನನ್ನ ಪುಸ್ತಕ ಯಾಕ್ರೀ ಇಟ್ಕೊಂಡಿದೀರಿ, ಹೊಲಿಯೋಕೆ ಎಷ್ಟು ವರ್ಷ ಬೇಕು' ಅಂತ ಬೈದು ಹೋಗ್ತಾರೆ. ನನ್ನ ಮಗಳನ್ನ ನೋಡೋಕೆ ಬಂದ ಬೀಗರು ಕೂಡ, 'ಹುಡುಗಿ ಅಪ್ಪ ಭಾರೀ ನಿಧಾನ ಅಂತೆ' ಅಂದ್ರು. ಆ ಸಂಬಂಧ ಕೂಡಿ ಬರಬೇಕಾದ್ರೆ ಸಾಕುಬೇಕಾಯ್ತು ಸಾರ್!"

ಗ್ರಂಥಪಾಲಕರು ನಾಚಿಕೆಯಿಂದ ಕುಗ್ಗಿಹೋದರು. ತಪ್ಪಾಯಿತು ಎನ್ನಲು ಬಾಯಿ ತೆರೆದರೂ ಗಡಿಯಾರ ಕಣ್ಣಿಗೆ ಬಿದ್ದು, ಹಾಗೇ ಹಿಂದೆ ಸರಿದು ಕಟಿಂಗ್ ಅಂಗಡಿಯ ಕಡೆ ನಡೆದರು. ಹಿಂದೊಮ್ಮೆ ಕ್ಷೌರಿಕ ತನ್ನ ಗಿರಾಕಿಗಳಿಗೆ ಹೊತ್ತು ಹೋಗಲೆಂದು ಒಂದು ಚೀಲದ ತುಂಬ ಪುಸ್ತಕ ಒಯ್ದದ್ದು ಅವರಿಗೆ ನೆನಪಿತ್ತು.

ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ಗ್ರಂಥಪಾಲಕರು ಕ್ಷೌರಿಕನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ತಿಗಣೆ ಓಡಿಸೋ ಪುಸ್ತಕ ಏನಾದ್ರೂ ನಿಮ್ಮ ಹತ್ರ ಇದೆಯಾ? ಲೈಬ್ರರಿಗೆ ತುರ್ತಾಗಿ ಬೇಕು. ಸಂಜೆ ಮೇಲಿನೋರು ಬರ್ತಾರೆ. ದಯವಿಟ್ಟು ಯಾರಿಗೂ ಹೇಳ್ಬೇಡಿ."

"ಆ ಪುಸ್ತಕ ನನ್ನ ಹತ್ರ ಇಲ್ಲ ಸಾರ್. ಛೆ ಛೆ, ನಾನ್ಯಾಕೆ ಹೇಳ್ಲಿ," ಎಂದ ಕ್ಷೌರಿಕ. ಅವರು ಮೆಟ್ಟಿಲಿಳಿಯುವವರೆಗೂ ಮಾತು ಉಳಿಸಿಕೊಂಡ. ಆಮೇಲೆ ಕತ್ತರಿ ಕೆಳಗಿಟ್ಟು, "ಲೈಬ್ರರಿ ತುಂಬಾ ತಿಗಣೆ ಅಂತೆ! ಮೇಲಿಂದ ತನಿಖೆಗೆ ಬರ್ತಾ ಇದಾರಂತೆ!" ಎಂದ. ಅರ್ಧ ಗಡ್ಡ ಬೋಳಿಸಿಕೊಂಡಿದ್ದವನು ಹಾಗೇ ಎದ್ದು ಮನೆಗೆ ಓಡಿದ. ಅವನ ಮಂಚದ ತಲೆದೆಸೆಯಲ್ಲಿ ಲೈಬ್ರರಿಯ ಮೂರು ಕಾದಂಬರಿಗಳಿದ್ದವು.

ಗ್ರಂಥಪಾಲಕರು ಇನ್ನೂ ಇಬ್ಬರು ಮೂವರು ಹಳೆಯ ಓದುಗರ ಬಾಗಿಲು ತಟ್ಟಿ, ಬರಿಗೈಯಲ್ಲಿ ಹಿಂತಿರುಗುವಷ್ಟರಲ್ಲಿ ಲೈಬ್ರರಿಯ ಮುಂದೆ ಜನ ಸೇರಿತ್ತು. ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ಪುಸ್ತಕ. ಒಬ್ಬರು ಇಕ್ಕಳದಲ್ಲಿ ಹಿಡಿದಿದ್ದರು, ಒಬ್ಬರು ಮೊರದಲ್ಲಿ. ಎದುರುಮನೆಯ ಟೈಲರಮ್ಮ ಪ್ಲಾಸ್ಟಿಕ್ ಚೀಲದ ಬಾಯಿಗೆ ಏಳು ಗಂಟು ಹಾಕಿ ತಂದಿದ್ದರು.

"ತಗೊಳ್ಳಿ ನಿಮ್ಮ ಪುಸ್ತಕ! ಮೊದಲೇ ಹೇಳಬಾರದಿತ್ತಾ? ನಿನ್ನೆಯಿಂದ ನನಗೆ ಬೆನ್ನು ಕಡಿತ!"

"ಅಮ್ಮಾ, ತಿಗಣೆ ಇಲ್ಲ, ತಿಗಣೆ ಪುಸ್ತಕ..."

"ಅದೇ ಮತ್ತೆ, ತಿಗಣೆ ಇರೋ ಪುಸ್ತಕ!"

ಚೀಲ ಬಾಗಿಲಿನಿಂದಲೇ ಹಾರಿ ಬಂದು ಅವರ ಹೊಟ್ಟೆಗೆ ಬಡಿಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಅತ್ತೆ ಕಾಲದಲ್ಲಿ ಒಯ್ದದ್ದನ್ನು ಸೊಸೆ ತಂದಳು, ಅಜ್ಜನ ಪುಸ್ತಕ ಮೊಮ್ಮಗಳು ಎಸೆದಳು. ಗ್ರಂಥಪಾಲಕರು ಮೊದಲು ಸಿಟ್ಟಾದರು, ಆಮೇಲೆ ಕೈ ಮುಗಿದರು, ಆಮೇಲೆ ಒಂದು ಪುಸ್ತಕದ ಬೆನ್ನು ನೋಡಿ ಬೆಪ್ಪಾಗಿ ನಿಂತರು. ಅದು ವರ್ಷಗಳಿಂದ 'ಬೈಂಡಿಂಗ್‌ನಲ್ಲಿ' ಇದ್ದ ಪುಸ್ತಕ! ಇದೂ ಅದೇ! ಅದೂ ಅದೇ!

"ತಾತ," ಎಂದು ಕೂಗಿದರು, "ಸ್ವಲ್ಪ ಕೈ ಹಾಕಿ, ಎಲ್ಲಾ ಕಪಾಟಿಗೆ ಜೋಡಿಸೋಣ!"

"ನಾನು ಓದೋಕೆ ಬರೋನು," ಎಂದರು ತಾತ. ಆದರೂ ತೊಡೆಯ ಕೆಳಗಿನ ಪತ್ರಿಕೆಗಳ ಮೇಲೆ ಚಪ್ಪಲಿ ಇಟ್ಟು ಎದ್ದರು.

ಗೋಡೆಯ ಆಚೆಯಿಂದ ಟಕ್ ಟಕ್ ಕೇಳಿಸಿತು. ಊಟ ರೆಡಿ. ಗ್ರಂಥಪಾಲಕರು ಮದುವೆಯಾದ ಮೇಲೆ ಮೊದಲ ಸಲ ಅದಕ್ಕೆ ಕಿವುಡಾದರು. ಏಣಿ ಹತ್ತಿದರು, ಇಳಿದರು, ಧೂಳು ನುಂಗಿದರು. ಮೂರು ಗಂಟೆಯ ಹೊತ್ತಿಗೆ ಬೈಂಡರ್ ಒಂದು ಕೈಗಾಡಿ ತಳ್ಳಿಕೊಂಡು ಬಂದ. ಅದರ ಮೇಲೂ ಪುಸ್ತಕದ ರಾಶಿ.

"ನೋಡಿದ್ರಾ ಸಾರ್! ಲೈಬ್ರರಿ ಪುಸ್ತಕ ಅಂದ್ರೆ ನನ್ನ ಅಂಗಡೀಲಿರುತ್ತೆ ಅಂತ ಅರ್ಧ ಊರು ಅಲ್ಲಿಗೇ ತಂದು ಸುರಿದು ಹೋಯ್ತು. ನಿಮ್ಮ ತಿಗಣೆ ನನಗೆ ಬೇಡ."

ಗ್ರಂಥಪಾಲಕರು ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಕೈಗಾಡಿ ಖಾಲಿಯಾಗುವಷ್ಟರಲ್ಲಿ ಕಪಾಟುಗಳು ಭರ್ತಿಯಾದವು. ಪರದೆ ನೋಡಿದರು, ಕಪಾಟು ನೋಡಿದರು. ಎಲ್ಲ ತಾಳೆಯಾಯಿತು, ಒಂದನ್ನು ಬಿಟ್ಟು. ತಿಗಣೆ ನಿವಾರಣೆಯ ಜಾಗ ಮಾತ್ರ ಖಾಲಿ ಇತ್ತು. ಗ್ರಂಥಪಾಲಕರು ಏಣಿಯ ಬುಡದಲ್ಲೇ ಕುಸಿದು ಕೂತರು. ಎಲ್ಲ ಬಂದು ಬೇಕಾದ್ದೇ ಬರಲಿಲ್ಲವಲ್ಲ ಎಂದು ಅಳುವಂತಾಯಿತು.

ಆಗ ಅವರ ಹೆಂಡತಿ ಸೌಟು ಹಿಡಿದೇ ಒಳಗೆ ಬಂದರು. ಇನ್ನೊಂದು ಕೈಯ ಎರಡು ಬೆರಳಿನ ತುದಿಯಲ್ಲಿ ಒಂದು ದಪ್ಪ ಪುಸ್ತಕ ತೂಗುತ್ತಿತ್ತು.

"ರೀ, ಮೊದಲು ಇದನ್ನ ಇಟ್ಕೊಳ್ಳಿ. ಊರೆಲ್ಲ ವಾಪಸ್ ಕೊಡ್ತಾ ಇದೆ, ನಮ್ಮ ಮನೇಲಿ ಮಾತ್ರ ಯಾಕಿರಬೇಕು? ನನ್ನ ಅಡುಗೆಮನೆಗೆ ತಿಗಣೆ ಬರೋದು ಬೇಡ."

'ತಿಗಣೆ ನಿವಾರಣೆ: ಸಮಗ್ರ ಮಾರ್ಗದರ್ಶಿ.'

"ಇದು... ಇದೆಲ್ಲಿತ್ತು?"

"ಮಿಕ್ಸಿ ಕೆಳಗೆ. ಅಲ್ಲಾಡಬಾರದು ಅಂತ ಇಟ್ಟಿದ್ದೆ. ಮದುವೆ ಆದ ಹೊಸದ್ರಲ್ಲಿ ನಿಮ್ಮ ಹಳೇ ಮಂಚ ನೋಡಿ ನಾನು ತವರಿಗೆ ಹೋಗ್ತೀನಿ ಅಂದಾಗ ನೀವೇ ತಂದಿದ್ರಲ್ಲ, ಮರೆತ್ರಾ?"

ಹೊರಗೆ ವ್ಯಾನು ಹಾರನ್ ಹೊಡೆಯಿತು.

ಮೇಡಂ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಬಂದವರೇ ಕಪಾಟಿನ ಮುಂದೆ ನಿಂತರು. ಅಲ್ಲೊಂದು ಇಲ್ಲೊಂದು ಪುಸ್ತಕದ ಹೆಸರು ಕೂಗಿದರು. ಗ್ರಂಥಪಾಲಕರು ಕಣ್ಣು ಮುಚ್ಚಿಕೊಂಡು ಎತ್ತಿ ಕೊಟ್ಟರು. ಅರ್ಧ ಗಂಟೆಯ ಕೆಳಗೆ ತಾವೇ ಇಟ್ಟ ಪುಸ್ತಕಗಳು. ಹೆಸರು ಹೇಳುವುದರೊಳಗೆ ಪುಸ್ತಕ ಕೈಯಲ್ಲಿ. ಮೇಡಂ ಟ್ಯಾಬ್ಲೆಟ್‌ನ ಕವರ್ ಮಡಚಿ ಅವರನ್ನೇ ನೋಡಿದರು.

"ಒಂದೂ ಕಳೆದಿಲ್ವಲ್ರೀ!"

"ನಿಮ್ಮ ಆಶೀರ್ವಾದ ಮೇಡಂ," ಎಂದರು ಗ್ರಂಥಪಾಲಕರು. ಮಧ್ಯಾಹ್ನದ ಊಟ ಇನ್ನೂ ಬಿಸಿ ಮಾಡಿಸಿಕೊಳ್ಳಬಹುದು ಎಂಬ ಯೋಚನೆ ಆಗಲೇ ಬಂದಿತ್ತು. ನಿದ್ದೆ ಹೇಗೂ ಹೋಯಿತು, ನಾಳೆ ಎರಡು ದಿನದ್ದು ಸೇರಿಸಿ ಮಾಡಿದರಾಯಿತು.

"ಇವತ್ತು ಹನ್ನೊಂದು ಲೈಬ್ರರಿ ನೋಡ್ಕೊಂಡು ಬಂದೆ," ಎಂದರು ಮೇಡಂ. "ಎಲ್ಲಾ ಕಡೆ ಅರ್ಧಕ್ಕರ್ಧ ಪುಸ್ತಕ ಇಲ್ಲ. ಪುಸ್ತಕ ಕಳೆಯೋರನ್ನ ಗೋದಾಮಿಗೆ ಹಾಕ್ತೀನಿ ಅಂದಿದ್ದೆ. ದಾರೀಲಿ ಬರ್ತಾ ಬುದ್ಧಿ ಬಂತು. ಅಂಥೋರನ್ನ ಅಲ್ಲಿ ಕೂರಿಸಿದ್ರೆ ಗೋದಾಮೇ ಕಳೆದುಹೋಗುತ್ತೆ! ಅಲ್ಲಿಗೆ ಬೇಕಾಗಿರೋದು ನಿಮ್ಮಂಥೋರು."

ಗ್ರಂಥಪಾಲಕರು ಕಿಟಕಿ ಪಕ್ಕದ ಕುರ್ಚಿಯ ಕಡೆ ನೋಡಿದರು. "ಮತ್ತೆ... ಈ ಲೈಬ್ರರಿ?"

"ಇಲ್ಲೇನಿದೆ ಕೆಲಸ? ಎಲ್ಲಾ ಜಾಗದಲ್ಲಿದೆ. ಪಟ್ಟಿ ಕ್ಲೌಡ್ ನೋಡ್ಕೊಳ್ಳುತ್ತೆ. ಪಕ್ಕದ ಲೈಬ್ರರಿಯೋರು ವಾರಕ್ಕೆ ಎರಡು ಸಲ ಬಂದು ಹೋಗ್ತಾರೆ. ಹಂಚಿಕೊಂಡು ಮಾಡೋದು ಅಂದ್ರೆ ಇದೇ ಅಲ್ವಾ?"

ನಿಜ ಹೇಳಿಬಿಡಬೇಕೆಂದು ಗ್ರಂಥಪಾಲಕರು ಬಾಯಿ ತೆರೆದರು. ಬೆಳಿಗ್ಗೆ ಈ ಕಪಾಟುಗಳು ಖಾಲಿ ಇದ್ದವು, ನಾನು ಪಟ್ಟಿಗೆ ಸುಳ್ಳು ತುಂಬಿದ್ದೆ ಎನ್ನಬೇಕು. ಅಂದರೆ ಏನಾಗುತ್ತದೆ? ಸುಳ್ಳು ಹೇಳಿದ್ದಕ್ಕೆ ಗೋದಾಮು. ಹೇಳದಿದ್ದರೆ ಹುಷಾರಿ ಎಂದು ಗೋದಾಮು. ತೆರೆದ ಬಾಯಿ ಹಾಗೇ ಮುಚ್ಚಿತು.

"ಮೊದಲು... ಈ ಪುಸ್ತಕ ಕೇಳಿದ ಓದುಗರಿಗೆ ಕಳಿಸೋಣ ಮೇಡಂ," ಎಂದು ದಪ್ಪ ಪುಸ್ತಕ ಮುಂದೆ ಚಾಚಿದರು.

"ಅದು ನಿಮ್ಮ ಕೈಲೇ ಇರಲಿ," ಎಂದು ಮೇಡಂ ನಕ್ಕರು. "ಕೇಳಿದ್ದು ನಾನೇ. ಗೋದಾಮಿಗೇ ಬೇಕಾಗಿತ್ತು. ಅಲ್ಲಿ ಕೂತ್ರೆ ಕೂರೋಕಾಗಲ್ಲ, ನಿಂತ್ರೆ ನಿಲ್ಲೋಕಾಗಲ್ಲ, ಅಷ್ಟು ತಿಗಣೆ! ದಾರೀಲಿ ಓದ್ಕೊಂಡು ಬನ್ನಿ. ಹತ್ತಿ, ಹತ್ತಿ, ವ್ಯಾನು ಹೊರಡೋ ಹೊತ್ತಾಯ್ತು."

ಹಂಚಿಕೊಂಡ ವ್ಯಾನಿನ ಮೊದಲ ದಿನದ ಸರಕಾಗಿ ಪುಸ್ತಕವೂ ಗ್ರಂಥಪಾಲಕರೂ ಒಟ್ಟಿಗೇ ಹೋದರು. ಹೆಂಡತಿ ಊಟ ಬಿಸಿ ಮಾಡಲೆಂದು ಆಗಲೇ ಒಳಗೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಗೋಡೆ ಟಕ್ ಟಕ್ ಎಂದಿತು. ಯಾರೂ ಏಳಲಿಲ್ಲ. ಮತ್ತೆ ಟಕ್ ಟಕ್ ಎಂದಿತು.

ಆ ಹೊತ್ತಿಗೆ ಟೈಲರಮ್ಮ ಬಾಗಿಲಲ್ಲಿ ಇಣುಕಿದರು. ಪುಸ್ತಕದ ಜೊತೆಗೆ ಅವರ ಕನ್ನಡಕವೂ ಚೀಲದಲ್ಲಿ ಬಂದುಬಿಟ್ಟಿತ್ತು. ಖಾಲಿ ಕುರ್ಚಿ ನೋಡಿ, "ಸಾರ್ ಎಲ್ಲಿ ತಾತ?" ಎಂದರು.

ಪೇಪರ್ ತಾತ ಓದುತ್ತಿದ್ದ ಪುಟದಿಂದ ಕಣ್ಣೆತ್ತಲಿಲ್ಲ.

"ಬೈಂಡಿಂಗ್‌ಗೆ ಹೋಗಿದಾರೆ," ಎಂದರು.