ಫೊಕಾ ಇಗ್ನಾತೊವಿಚ್‌ನ ನಾಮಕರಣ

"ಗಂಡು ಹುಟ್ಟಿದರೆ ನಿನ್ನ ಹೆಸರೇ ಇಡ್ತೀನಿ" ಎಂದು ಇಗ್ನಾತ್ ಕುರೋಚ್ಕಿನ್ ಒಂಬತ್ತು ವರ್ಷಗಳ ಹಿಂದೆ ಮಾತು ಕೊಟ್ಟಿದ್ದ. ಕೊಡುವಾಗ ಕುತ್ತಿಗೆಯವರೆಗೆ ಬಿಳಿ ಸಮುದ್ರದ ನೀರಿನಲ್ಲಿದ್ದ. ಆಗ ಅವನಿಗೆ ಮಗ ಹಾಗಿರಲಿ, ಹೆಂಡತಿಯೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಮನುಷ್ಯ ತನ್ನ ಹತ್ತಿರ ಇಲ್ಲದ್ದನ್ನೇ ಧಾರಾಳವಾಗಿ ಕೊಡುತ್ತಾನೆ.

ಹಡಗುಕಟ್ಟೆ ರಿಪೇರಿಗೆಂದು ಉತ್ತರಕ್ಕೆ ಹೋದ ತಂಡ ಅದು. ಭಾನುವಾರ ಮಂಜುಗಡ್ಡೆ ಕೊರೆದು ಮೀನು ಹಿಡಿಯಲು ಹೋದವರಲ್ಲಿ ಇಗ್ನಾತ್ ಒಬ್ಬನೇ ಮಾರ್ಚ್ ತಿಂಗಳ ಗಡ್ಡೆಯನ್ನು ನಂಬಿ ಎಲ್ಲರಿಗಿಂತ ಮುಂದೆ ನಡೆದಿದ್ದ. ಅವನನ್ನು ಎಳೆದು ಹಾಕಿದವನು ಫೊಕಾ. ಹೊಟ್ಟೆಯ ಮೇಲೆ ತೆವಳಿಕೊಂಡು ಬಂದು, ಕುತ್ತಿಗೆಯ ಉಣ್ಣೆಪಟ್ಟಿ ಬಿಚ್ಚಿ ಎಸೆದು, "ಮಗನ ವಿಷಯ ಆಮೇಲೆ ನೋಡೋಣ, ಮೊದಲು ಆ ಮೀನಿನ ಚೀಲ ಬಿಡು" ಎಂದಿದ್ದ.

ಆ ತಂಡದಲ್ಲಿ ಎಲ್ಲರೂ ಎಲ್ಲರನ್ನೂ ಕರೆಯುತ್ತಿದ್ದುದು ಅರ್ಧರ್ಧ ಹೆಸರಿನಿಂದ. ಇಗ್ನಾತ್ ಅವರಿಗೆ ಬರೀ 'ಕುರಾ', ಅಂದರೆ ಕೋಳಿ. ಆ ಚಳಿಯಲ್ಲಿ ಕುರೋಚ್ಕಿನ್ ಎಂದು ಪೂರ್ತಿ ಹೇಳುವಷ್ಟು ಹೊತ್ತು ಬಾಯಿ ತೆರೆದಿಡಲು ಯಾರಿಗೂ ಇಷ್ಟವಿರಲಿಲ್ಲ. ಚಳಿಗಾಲ ಕಳೆಯಿತು, ತಂಡ ಚದುರಿತು. ಪ್ರತಿ ಹೊಸ ವರ್ಷಕ್ಕೆ "ಹೇಗಿದ್ದೀಯ ಕುರಾ?" "ಚೆನ್ನಾಗಿದ್ದೀನಿ ಫೊಕಾ" ಎಂಬಷ್ಟು ಮಾತ್ರ ಉಳಿಯಿತು.

ಈಗ ಕಿನೆಶ್ಮಾ ಪಟ್ಟಣದ ಮನೆಯ ಅಡುಗೆಕೋಣೆಯಲ್ಲಿ ಬೆಳಗಿನ ಚಹಾ ಕುಡಿಯುತ್ತಿದ್ದ ಇಗ್ನಾತನ ಫೋನು ಟಿಣ್ ಎಂದಿತು. "ಕುರಾ, ಮಗ ಹುಟ್ಟಿದ ಸುದ್ದಿ ನೋಡಿದೆ. ಇವತ್ತು ಸಂಜೆ ಬಸ್ಸಿಗೆ ಬರ್ತಿದ್ದೀನಿ. ಕೊಟ್ಟ ಮಾತು ನೆನಪಿದೆ ತಾನೇ? ಫೊಕಾ."

ಇಗ್ನಾತ್ ಚಹಾ ಲೋಟ ಕೆಳಗಿಟ್ಟ. ಮಗುವಿನ ಹೆಸರು ಬರೆಸಲು ನೋಂದಣಿ ಕಚೇರಿಯಲ್ಲಿ ಸಮಯ ಸಿಕ್ಕಿದ್ದು ಇವತ್ತೇ ಮಧ್ಯಾಹ್ನ. ಹೆಸರೇನೋ ಎಂದೋ ತೀರ್ಮಾನವಾಗಿತ್ತು: ಅರ್ಸೇನಿ. ಹೆಂಡತಿ ಉಲ್ಯಾನಾ ಮಗು ಹೊಟ್ಟೆಯಲ್ಲಿದ್ದಾಗಲೇ ಆರಿಸಿದ್ದಳು. ಇಗ್ನಾತ್ ಅವತ್ತು ತಲೆಯಾಡಿಸಿದ್ದ. ಕೊಟ್ಟ ಮಾತು ನೆನಪಿರಲಿಲ್ಲವೆಂದಲ್ಲ. ಹೆಣ್ಣು ಹುಟ್ಟಿದರೆ ಎಲ್ಲವೂ ತಾನೇ ಸರಿಹೋಗುತ್ತದೆಂದು ಕಾದಿದ್ದ.

"ಉಲ್ಯಾಶಾ, ಮಗೂಗೆ ಫೊಕಾ ಅಂತ ಇಟ್ಟರೆ ಹೇಗಿರುತ್ತೆ?"

ಉಲ್ಯಾನಾ ಮಗುವಿನ ಬೆನ್ನು ತಟ್ಟುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ಬೆಕ್ಕು ತರೋ ಯೋಚನೆ ಇದ್ದರೆ ಅದಕ್ಕಿಡು."

ಒಲೆಯ ಹತ್ತಿರ ರವೆಗಂಜಿ ತಿರುಗಿಸುತ್ತಿದ್ದ ಅತ್ತೆ ಫೈನಾ ಅರ್ಕಾದ್ಯೆವ್ನಾ ಮಾತ್ರ ತಿರುಗಿದರು. ಸೌಟಿನಿಂದ ಗಂಜಿ ನೆಲಕ್ಕೆ ತೊಟ್ಟಿಕ್ಕಿತು.

"ಫೊಕಾ ಅಂದ್ಯಾ? ನಮ್ಮಜ್ಜಿ ಊರಲ್ಲಿ ಒಬ್ಬ ಫೊಕಾ ಇದ್ದ, ಜೇನು ಸಾಕ್ತಿದ್ದ. ಅವನನ್ನು ನೋಡಿದರೆ ಗಡ್ಡದ ಜೊತೆಗೇ ಹುಟ್ಟಿದ್ದ ಅನ್ನಿಸ್ತಿತ್ತು. ಅಪ್ಪನ ಹೆಸರು ಸೇರಿಸಿ ಕರೆದರೆ ಫೊಕಾ ಇಗ್ನಾತೊವಿಚ್! ಕೇಳಿದ ತಕ್ಷಣ ಎದ್ದು ನಿಂತು, ಕೂರಲು ಕುರ್ಚಿ ಕೊಡಬೇಕು ಅನ್ನಿಸುತ್ತೆ. ಅಳಿಯಪ್ಪ, ಹಳೇ ಹೆಸರೇ ಬೇಕಾದರೆ ನಮ್ಮಪ್ಪಂದು ಇದೆಯಲ್ಲ, ಅರ್ಕಾದಿ."

ಇಗ್ನಾತ್ ತೊದಲುತ್ತಾ, ಮಾತು ಕೊಟ್ಟ ವಿಷಯ ಹೇಳಿದ. ಉಲ್ಯಾನಾ ತಣ್ಣಗೆ ಕೇಳಿಸಿಕೊಂಡಳು.

"ನೀರಿಗೆ ಬಿದ್ದೋನು ನೀನು," ಎಂದಳು. "ಹೆಸರು ಹೊರೋನು ಇವನಾ?"

ಇಗ್ನಾತ್ ಟೋಪಿ ಎತ್ತಿಕೊಂಡು ಕೆಲಸಕ್ಕೆ ಹೊರಟ.

ಮೆಟ್ಟಿಲಲ್ಲಿ ಪಕ್ಕದ ಮನೆಯ ರಿಮ್ಮಾ ಸವೆಲ್ಯೆವ್ನಾ ಕಾಲೊರಸು ಝಾಡಿಸುತ್ತಾ ನಿಂತಿದ್ದರು. ಅದನ್ನು ಎಷ್ಟು ಹೊತ್ತಿನಿಂದ ಝಾಡಿಸುತ್ತಿದ್ದರೋ, ಅದರಲ್ಲಿ ಧೂಳಿನ ಕಣವೂ ಉಳಿದಿರಲಿಲ್ಲ. ಆ ಕಟ್ಟಡದ ಗೋಡೆಗಳು ಹಾಗೆ. ಒಂದು ಮನೆಯಲ್ಲಿ ಸೀನಿದರೆ ಮೂರು ಮನೆಯಿಂದ ಹಾರೈಕೆ ಬರುತ್ತಿತ್ತು. ರಿಮ್ಮಾ ಸವೆಲ್ಯೆವ್ನಾ ನಿವೃತ್ತ ಶಿಕ್ಷಕಿ. ಹೆಸರಿನ ಅರ್ಥ ಹೇಳಿ ಹಣೆಬರಹ ಹೇಳುವುದು ಅವರ ನಿವೃತ್ತಿಯ ಉದ್ಯೋಗ.

"ಇಗ್ನಾತ್, ನಿಮ್ಮ ಹೆಸರಲ್ಲಿ ಬೆಂಕಿ ಇದೆ. ಲ್ಯಾಟಿನ್ ಮೂಲ. ಗೊತ್ತಾ?"

"ಗೊತ್ತಿರಲಿಲ್ಲ ರಿಮ್ಮಾ ಸವೆಲ್ಯೆವ್ನಾ. ಈಗ ಸ್ವಲ್ಪ ಗೊತ್ತಾಗ್ತಿದೆ."

"ಫೊಕಾ ಗ್ರೀಕ್ ಮೂಲದ್ದು. ಅಂದರೆ ಸೀಲ್."

"ಆ ಮೀಸೆ ಇರೋ ಪ್ರಾಣಿನಾ?"

"ಅದೇ. ಮಂಜಿನ ಮೇಲೆ ಹೊಟ್ಟೆ ಎಳೆದುಕೊಂಡು ಹೋಗುತ್ತಲ್ಲ, ಅದು."

ಇಗ್ನಾತನ ಕಣ್ಣ ಮುಂದೆ ಹೊಟ್ಟೆಯ ಮೇಲೆ ತೆವಳಿಕೊಂಡು ಬಂದ ಗೆಳೆಯ ಹಾದುಹೋದ. ಅಪ್ಪ ಅಮ್ಮ ಎಷ್ಟು ಮುಂದಾಲೋಚಿಸಿ ಇಟ್ಟ ಹೆಸರು ಎಂದುಕೊಂಡ.

"ಬೆಂಕಿಯ ಮಗ ಸೀಲ್ ಆದರೆ ಮನೆಯಲ್ಲಿ ಬರೀ ಹಬೆ," ಎಂದರು ರಿಮ್ಮಾ ಸವೆಲ್ಯೆವ್ನಾ. "ನಿಮ್ಮತ್ತೆ ಹೇಳೋ ಅರ್ಕಾದಿನೂ ಬೇಡ, ಅದು ಕುರಿ ಕಾಯೋರ ನಾಡಿನ ಹೆಸರು. ಅರ್ಸೇನಿ ನೋಡಿ, ಗಂಡೆದೆಯವನು ಅಂತ ಅರ್ಥ. ಹೆಸರಿದ್ದ ಹಾಗೇ ಬಾಳೂ ಇರುತ್ತೆ, ಇಗ್ನಾತ್."

ಆಗ ಮೂರನೇ ಮಹಡಿಯ ಪಾವೆಲ್, ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ, ಅವರಿಬ್ಬರನ್ನೂ ಒತ್ತರಿಸಿಕೊಂಡು ಇಳಿದುಹೋದ. ಪಾವೆಲ್ ಎಂದರೆ 'ಚಿಕ್ಕವನು' ಎಂದು ರಿಮ್ಮಾ ಸವೆಲ್ಯೆವ್ನಾ ಅವರೇ ಹಿಂದೊಮ್ಮೆ ಹೇಳಿದ್ದರು. ಇಗ್ನಾತ್ ಅದನ್ನು ನೆನಪಿಸಲು ಹೋಗಲಿಲ್ಲ.

ಅವನು ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ. ಬೇಕರಿಗೆ ಅವನು ತಲುಪುವ ಮೊದಲೇ ಸುದ್ದಿ ತಲುಪಿತ್ತು. ರಿಮ್ಮಾ ಸವೆಲ್ಯೆವ್ನಾರ ಸೊಸೆ ಅಲ್ಲೇ ಹಿಟ್ಟು ನಾದುತ್ತಿದ್ದಳು. ಬಿಳಿ ಟೋಪಿಯ ಹೆಂಗಸರು ಟ್ರೇ ಎತ್ತಿಕೊಡುತ್ತಾ ಕೇಳಿದರು:

"ಏನಣ್ಣ, ಸೀಲಿಗೆ ಹಾಲು ಕುಡಿಸ್ತೀರೋ, ಹಸಿ ಮೀನು ಕೊಡ್ತೀರೋ?"

"ತೊಟ್ಟಿಲಿಗೆ ಐಸ್ ಹಾಕಿದ್ದೀರಾ?"

ಇಗ್ನಾತ್ ಟ್ರೇಗಳನ್ನು ಜೋಡಿಸಿ ವ್ಯಾನು ಹತ್ತಿದ. ದಾರಿಯುದ್ದಕ್ಕೂ ತಲೆಯಲ್ಲಿ ಅರ್ಸೇನಿ, ಫೊಕಾ, ಫೊಕಾ, ಅರ್ಸೇನಿ. ಆ ಗಡಿಬಿಡಿಯಲ್ಲಿ ಶಿಶುವಿಹಾರಕ್ಕೆ ಹೋಗಬೇಕಾದ ಗಸಗಸೆ ಬನ್ನುಗಳನ್ನು ಅಗ್ನಿಶಾಮಕ ಠಾಣೆಗಿಳಿಸಿ, ಠಾಣೆಯ ಕಪ್ಪು ಬ್ರೆಡ್ಡನ್ನು ಶಿಶುವಿಹಾರಕ್ಕೆ ಕೊಟ್ಟ. ಶಿಶುವಿಹಾರದಿಂದ ಫೋನು ಬಂತು, ಮಕ್ಕಳು ಬ್ರೆಡ್ಡುಗಳನ್ನು ಜೋಡಿಸಿ ಕೋಟೆ ಕಟ್ಟುತ್ತಿದ್ದಾರೆ ಎಂದು. ಅವನು ಠಾಣೆಗೆ ಹಿಂದಿರುಗುವ ಹೊತ್ತಿಗೆ ಬನ್ನಿನ ಟ್ರೇಯಲ್ಲಿ ಗಸಗಸೆ ಮಾತ್ರ ಇತ್ತು.

"ತಲೆ ಎಲ್ಲಿಟ್ಟಿದ್ದೆಯಪ್ಪ?" ಎಂದ ಠಾಣೆಯ ಮುಖ್ಯಸ್ಥ, ತುಟಿಯ ಮೇಲಿನ ಗಸಗಸೆ ಒರೆಸಿಕೊಳ್ಳುತ್ತಾ. ಇಗ್ನಾತ್ ಹೇಳಿದ.

"ಫೊಕಾ! ಒಳ್ಳೇ ಹೆಸರಲ್ವಾ? ಬೆಂಕಿಯಿಂದಲೂ ಕಾಯೋ ಸಂತ, ನೀರಲ್ಲಿ ಮುಳುಗೋರನ್ನೂ ಕಾಯೋ ಸಂತ. ನಮ್ಮ ಅರ್ಧ ಕೆಲಸ ಅವನೇ ಮಾಡ್ತಾನೆ. ಧಾರಾಳವಾಗಿ ಇಡು."

ಬೆಳಗಿನಿಂದ ಇಗ್ನಾತನ ಪರವಾಗಿ ಮಾತಾಡಿದವನು ಅವನೊಬ್ಬನೇ. ಅದೂ ಬಾಯಲ್ಲಿ ಬೇರೆಯವರ ಬನ್ನು ಇಟ್ಟುಕೊಂಡು. ಆದರೂ ಇಗ್ನಾತನಿಗೆ ಸ್ವಲ್ಪ ಧೈರ್ಯ ಬಂತು.

ಮಧ್ಯಾಹ್ನ ಕಾಗದಪತ್ರ ತೆಗೆದುಕೊಳ್ಳಲು ಮನೆಗೆ ಬಂದಾಗ ಉಲ್ಯಾನಾ ಕಿಟಕಿಯ ಬಳಿ ಕೂತಿದ್ದಳು.

"ಅವನು ನಿನ್ನ ಹೇಗೆ ಎಳೆದ?" ಎಂದಳು. "ಇಷ್ಟು ವರ್ಷದಲ್ಲಿ ಒಂದು ದಿನವೂ ಸರಿಯಾಗಿ ಹೇಳಿಲ್ಲ ನೀನು."

ಇಗ್ನಾತ್ ಬಾಗಿಲಲ್ಲೇ ನಿಂತು ಹೇಳಿದ. ಮಿಕ್ಕವರು ದಡಕ್ಕೆ ಓಡಿದ್ದು. ಫೊಕಾ ಒಬ್ಬನೇ ಮಲಗಿ ತೆವಳಿದ್ದು. ಅವನ ಮೊಣಕೈ ಕೆಳಗೂ ಗಡ್ಡೆ ಬಿರಿಯುತ್ತಿದ್ದರೂ ಹಿಂದೆ ಸರಿಯದೇ ಇದ್ದದ್ದು. ಆಮೇಲೆ ತನ್ನ ಒಣ ಪ್ಯಾಂಟು ಬಿಚ್ಚಿ ಇಗ್ನಾತನಿಗೆ ತೊಡಿಸಿ, ತಾನು ಒಳಚಡ್ಡಿಯಲ್ಲಿ, ಬರೋ ಹೋಗೋ ಹೆಂಗಸರಿಗೆಲ್ಲ ನಮಸ್ಕಾರ ಹೇಳುತ್ತಾ ಊರ ನಡುವೆ ನಡೆದು ಬಂದದ್ದು.

ಉಲ್ಯಾನಾ ಸ್ವಲ್ಪ ನಕ್ಕಳು. ಆಮೇಲೆ ತೊಡೆಯ ಮೇಲಿದ್ದ ಮಗುವನ್ನು ನೋಡಿದಳು.

"ಹೊಟ್ಟೆ ಸವರಿಕೊಂಡು ಅರ್ಸೇನಿ ಅಂತಲೇ ಮಾತಾಡಿಸಿದ್ದೀನಿ ಇಗ್ನಾತ್, ಇವನನ್ನ. ಆ ಹೆಸರಿಗೆ ಒದೀತಿದ್ದ. ಅಭ್ಯಾಸ ತಪ್ಪಿಸೋಕೆ ನನಗೆ ಸ್ವಲ್ಪ ದಿನ ಕೊಡು." ಮಗುವಿನ ಕುಲಾವಿ ಸರಿಮಾಡಿದಳು. "ಹೋಗು. ಅವನ ಹೆಸರೇ ಬರೆಸು."

ಇಗ್ನಾತ್ ಅವಳ ಭುಜ ತಟ್ಟಿದ. ತಟ್ಟಿದ್ದು ಕುರ್ಚಿಯ ಬೆನ್ನನ್ನು ಎಂದು ಗೊತ್ತಾದದ್ದು ಮೆಟ್ಟಿಲು ಇಳಿದ ಮೇಲೆ.

ಕಚೇರಿಗೆ ಅತ್ತೆಯೂ ಬಂದರು, "ಬರೀ ನೋಡೋಕೆ" ಎಂದು.

"ಹೆಸರು?" ಎಂದಳು ಗುಮಾಸ್ತೆ.

"ಫೊಕಾ."

"ಅರ್ಕಾದಿ," ಎಂದರು ನೋಡಲು ಬಂದವರು.

"ಮನೇಲಿ ಕರೆಯೋ ಹೆಸರು ಬೇಡಪ್ಪ, ಪೂರ್ತಿ ಹೆಸರು ಹೇಳಿ."

"ಪೂರ್ತಿಯೇ ಅಷ್ಟು."

ಗುಮಾಸ್ತೆ ಕನ್ನಡಕ ತೆಗೆದು ಅವನನ್ನು ಮರುಕದಿಂದ ನೋಡಿದಳು. "ಇಲ್ಲಿ ಕೂತಾಗಿನಿಂದ ಒಬ್ಬ ಫೊಕಾನನ್ನೂ ಬರೆದಿಲ್ಲ ನಾನು. ಈಗೆಲ್ಲ ಅರ್ಸೇನಿ ಅಂತ ಇಡ್ತಾರೆ, ಮುದ್ದಾಗಿರುತ್ತೆ. ನೋಡಿ, ಆಮೇಲೆ ಬದಲಾಯಿಸ್ಬೇಕು ಅಂದರೆ ಮತ್ತೆ ಅರ್ಜಿ, ಮತ್ತೆ ಮೇಲಿನೋರ ಒಪ್ಪಿಗೆ, ಮತ್ತೆ ನಾನೇ. ಬರೀಲಾ?"

"ಬರೀರಿ," ಎಂದ ಇಗ್ನಾತ್. ಜೀವನದಲ್ಲಿ ಮೊದಲ ಬಾರಿಗೆ ಅವನ ದನಿ ನಡುಗಲಿಲ್ಲ.

ಸಂಜೆ ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆ, ಉಪ್ಪುಮೀನು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ರಿಮ್ಮಾ ಸವೆಲ್ಯೆವ್ನಾ ಚಿಟಿಕೆ ಉಪ್ಪು ಕೇಳಲು ಬಂದು, ಉಪ್ಪು ಕೈಯಲ್ಲಿ ಹಿಡಿದೇ ಮೇಜಿಗೆ ಕೂತಿದ್ದರು. ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದವರು ಅತ್ತೆ.

"ಕುರಾ ಇರೋದು ಇಲ್ಲೇನಾ?"

"ಇಲ್ಲಿ ಕೋಳಿ ಸಾಕಲ್ಲಪ್ಪ," ಎಂದು ಬಾಗಿಲು ಹಾಕುವಷ್ಟರಲ್ಲಿ ಇಗ್ನಾತ್ ಓಡಿಬಂದು ಗೆಳೆಯನನ್ನು ತಬ್ಬಿಕೊಂಡ.

ಬಂದವನು ದಪ್ಪಗಾಗಿದ್ದ, ಮೀಸೆ ಬಿಟ್ಟಿದ್ದ. ರಿಮ್ಮಾ ಸವೆಲ್ಯೆವ್ನಾ ಆ ಮೀಸೆಯನ್ನೇ ನೋಡಿ, ನಾನು ಹೇಳಲಿಲ್ಲವೇ ಎಂಬಂತೆ ತಲೆಯಾಡಿಸಿದರು. ಅವನು ಕಂಕುಳಲ್ಲಿದ್ದ ಒಣಮೀನಿನ ಕಟ್ಟನ್ನು ಅತ್ತೆಗೆ ಕೊಟ್ಟು, ಕೈ ತೊಳೆದು, ತೊಟ್ಟಿಲ ಮೇಲೆ ಬಗ್ಗಿದ.

"ಎಲ್ಲಿ ನನ್ನ ಹೆಸರಿನವನು? ಕುರಾ, ನಿಜ ಹೇಳು, ಮಾತು ಉಳಿಸಿಕೊಂಡೆಯಾ?"

"ಉಳಿಸಿಕೊಂಡೆ," ಎಂದ ಇಗ್ನಾತ್. ಉಲ್ಯಾನಾಳ ಕಡೆ ನೋಡಿದ. ಅವಳೂ ನಕ್ಕಳು.

ಅತಿಥಿಯ ಕಣ್ಣು ತೇವವಾಯಿತು. "ತಮಾಷೆಗೆ ಅಂದಿದ್ದೀಯ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ ಕಣೋ. ಆದರೂ ಒಂದು ನಂಬಿಕೆ ಇಟ್ಟುಕೊಂಡು ಇದನ್ನು ಮಾಡಿಸಿಕೊಂಡು ಬಂದೆ." ಜೇಬಿನಿಂದ ಸಣ್ಣ ಡಬ್ಬಿ ತೆಗೆದ. ಮೊದಲ ಹಲ್ಲು ಬಂದಾಗ ಮಗುವಿಗೆ ಕೊಡುವ ಬೆಳ್ಳಿ ಚಮಚ. ಹಿಡಿಯ ಮೇಲೆ ಅಕ್ಷರ ಕೆತ್ತಿತ್ತು.

ರಿಮ್ಮಾ ಸವೆಲ್ಯೆವ್ನಾ ಉಪ್ಪು ಕೆಳಗಿಟ್ಟು, ಕನ್ನಡಕ ಏರಿಸಿ, ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು: "ಪುಟ್ಟ ಅರ್ಸೇನಿಗೆ, ದೊಡ್ಡ ಅರ್ಸೇನಿಯಿಂದ."

ತೊಟ್ಟಿಲಿನಿಂದ ಒಂದು ಕಾಲು ಮೇಲೆದ್ದು ಒದೆಯಿತು.

"ದೊಡ್ಡ ಅರ್ಸೇನಿ ಯಾರು?" ಎಂದ ಇಗ್ನಾತ್.

"ನಾನೇ, ಇನ್ಯಾರು? ಅರ್ಸೇನಿ ಫೊಕಿನ್."

"ಮತ್ತೆ ಫೊಕಾ?"

"ಫೊಕಿನ್ ಅಂತ ಮನೆತನದ ಹೆಸರು, ಅದಕ್ಕೆ ಫೊಕಾ. ನೀನು ಕುರೋಚ್ಕಿನ್, ಅದಕ್ಕೆ ಕುರಾ. ಯಾಕೋ, ನಿಜವಾಗ್ಲೂ ಕೋಳಿ ಅಂತ ಹೆಸರಿಟ್ಟಿದ್ದರಾ ನಿನಗೆ?" ಅವನು ಎಲ್ಲರ ಮುಖವನ್ನೂ ಸುತ್ತ ನೋಡಿದ. "ಅಂದ ಹಾಗೆ ನಿನ್ನ ಹೆಸರೇನು? ಈ ಕಾಲದಲ್ಲಿ ಫೊಕಾ ಅಂತ ಯಾವ ಪುಣ್ಯಾತ್ಮ ಮಗನಿಗೆ ಹೆಸರಿಡ್ತಾನೆ?"

ಫೈನಾ ಅರ್ಕಾದ್ಯೆವ್ನಾ ಸೆರಗಿನಂತೆ ಏಪ್ರನ್ನನ್ನು ಬಾಯಿಗೆ ಒತ್ತಿಕೊಂಡು ಅಡುಗೆಕೋಣೆಗೆ ಹೋದರು. ಅಳುತ್ತಿದ್ದರೋ ನಗುತ್ತಿದ್ದರೋ, ಒಳಗಿನಿಂದ ಪಾತ್ರೆಗಳು ಮಾತ್ರ ಅಲುಗಾಡಿದವು. ರಿಮ್ಮಾ ಸವೆಲ್ಯೆವ್ನಾ ತಮ್ಮ ಉಪ್ಪನ್ನು ಎತ್ತಿಕೊಂಡು, "ಗಂಡೆದೆಯವನು ಅಂತ ಅರ್ಥ. ಬೆಳಿಗ್ಗೆಯೇ ಹೇಳಿದ್ದೆ," ಎಂದರು. ಎದ್ದು ಹೋಗಲಿಲ್ಲ.

ಉಲ್ಯಾನಾ ಚಮಚವನ್ನು ಕೈಗೆ ತೆಗೆದುಕೊಂಡಳು. ಆ ಹೆಸರಿನ ಮೇಲೆ ಹೆಬ್ಬೆರಳಾಡಿಸಿದಳು.

"ಕುರಾ," ಎಂದಳು ಕೊನೆಗೆ, ಮದುವೆಯಾದ ಮೇಲೆ ಮೊದಲ ಬಾರಿಗೆ ಆ ಹೆಸರು ಹಿಡಿದು, ಬಲು ಮೃದುವಾಗಿ. "ಚಹಾಕ್ಕೆ ನೀರಿಡು."

ಇಗ್ನಾತ್ ನೀರಿಡಲು ಹೋದ. ಅಷ್ಟೆಲ್ಲ ಮಾಡಿ ಫೊಕಾ ಎಂದು ಬರೆಸಿದರೂ ಬಿಳಿ ಸಮುದ್ರದಲ್ಲಿ ಕೊಟ್ಟ ಮಾತನ್ನು ಅವನು ಉಳಿಸಿಕೊಂಡಿರಲಿಲ್ಲ.